ಅಳತೆಗೆ ಬಾರದ ಮಗು

“ನನ್ನ ಕಕ್ಷಿದಾರರು ಪೂರ್ತಿ ಒಪ್ಪಿದ್ದಾರೆ, ಸ್ವಾಮಿ.”

ಎದುರು ಪಕ್ಷದ ವಕೀಲರ ಬಾಯಿಂದ ಈ ಮಾತು ಬಿದ್ದದ್ದೇ ತಡ, ಶಿಕಾರಿಪುರದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬಾಗಿಲಿಗೊರಗಿ ತೂಕಡಿಸುತ್ತಿದ್ದ ಜವಾನನೂ ಕಣ್ಣು ಬಿಟ್ಟ.

“ಪೂರ್ತಿ ಅಂದರೆ?” ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡಿದರು.

“ಅರ್ಜಿದಾರಳು ತನಗೂ ಮಗಳಿಗೂ ಸೇರಿ ಕೇಳಿರುವ ನೂರ ಎಂಬತ್ತು ರೂಪಾಯಿ, ತಿಂಗಳು ತಿಂಗಳು. ಚೌಕಾಸಿ ಇಲ್ಲ. ವಿನಂತಿ ಒಂದೇ. ಹಣವನ್ನು ಅವರೇ ಹೊಸಬಾಳೆಗೆ ಹೋಗಿ ಹೆಂಡತಿಯ ಕೈಗೆ ಕೊಟ್ಟು, ಮನೆಯೊಳಗೆ ಕೂತು ಮಗಳ ಮುಖ ನೋಡಿ ಬರಬೇಕೆಂದಿದ್ದಾರೆ.”

ಹಿಂದಿನ ಬೆಂಚಿನಲ್ಲಿದ್ದ ಮುಕ್ತಾರ್ ಅಹಮದ್ ಮೂಗುಜ್ಜಿಕೊಂಡ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿದಾಗಲೆಲ್ಲ ಅವನ ಮೂಗು ಕಡಿಯುತ್ತದೆ. ಪತ್ತೇದಾರಿ ದಳದಲ್ಲಿ ಸಬ್ ಇನ್‌ಸ್ಪೆಕ್ಟರಾಗಿದ್ದಾಗ ಮೇಲಧಿಕಾರಿಗಳು ಮಾತಾಡುವಾಗಲೂ ಕಡಿಯುತ್ತಿತ್ತು. ನೌಕರಿ ಬಿಡಬೇಕಾಗಿ ಬಂದದ್ದಕ್ಕೆ ಅದೂ ಒಂದು ಕಾರಣ. ಈಗ ವಕೀಲರಿಗೆ ಬೇಕಾದ ವಿಚಾರಣೆ ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಾನೆ.

ಜವಳಿ ವ್ಯಾಪಾರಿ ಮಲ್ಲೇಶಪ್ಪ ಕಟಕಟೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಬಿಟ್ಟ ಹೆಂಡತಿಯ ಜೀವನಾಂಶದ ಅರ್ಜಿಗೆ ನಾಲ್ಕು ತಿಂಗಳಿಂದ ಹಲ್ಲು ಕಚ್ಚಿ ತಕರಾರು ಹಾಕಿದವನು ಇದೇ ಮನುಷ್ಯ. ಅವಳ ಮನೆಯಲ್ಲಿ ಹಾಲನ್ನು ಬೆಕ್ಕು ಕುಡಿಯುತ್ತದೆ, ಅದಕ್ಕೂ ನಾನೇ ಕೊಡಬೇಕೇ ಎಂದು ಹಿಂದಿನ ವಾಯಿದೆಯಲ್ಲಿ ಕೇಳಿ ಮ್ಯಾಜಿಸ್ಟ್ರೇಟರಿಂದ ಬೈಸಿಕೊಂಡಿದ್ದ. ಈವತ್ತು ಅವನ ಬಾಯಲ್ಲಿ ಬೆಕ್ಕಿನ ಸುದ್ದಿಯೇ ಇಲ್ಲ.

ಐದು ತಿಂಗಳ ಹಿಂದೆ ಅವನು ಅಂಜನಾಪುರದಲ್ಲಿ ಬೇರೆ ಮನೆ ಮಾಡಿ ಇಟ್ಟುಕೊಂಡಿದ್ದ ಹಾಲಮ್ಮನ ಹೆಣ ಅಲ್ಲಿನ ಕಾಲುವೆಯಲ್ಲಿ ಸಿಕ್ಕಿತ್ತು; ಅವಳ ನಾಲ್ಕು ವರ್ಷದ ಮಗಳು ಹೊನ್ನಿ ಸಿಗಲೇ ಇಲ್ಲ. ತಾಯಿ ಮಗುವನ್ನು ಕಟ್ಟಿಕೊಂಡು ಹಾರಿದಳು ಎಂದು ಪೊಲೀಸರು ಬರೆದು ಮುಗಿಸಿದರು. ಮಲ್ಲೇಶಪ್ಪನೇ ತಳ್ಳಿದ ಎಂದು ಊರು ಮಾತಾಡಿಕೊಂಡಿತು. ಮುಕ್ತಾರ್ ಊರಿನ ಪಕ್ಷ.

ಮುಂದಿನ ಬೆಂಚಿನಲ್ಲಿ ಅರ್ಜಿದಾರಳು ನೀಲಾಂಬಿಕ ಕೂತಿದ್ದಳು. ಗೆದ್ದವಳು ಅವಳೇ. ಆದರೆ ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ಅರ್ಜಿದಾರಳ ಸಹಿ ಹಾಕಿಸಿ ರಾಜಿ ಪತ್ರ ಕೊಡಿ,” ಎಂದರು ಮ್ಯಾಜಿಸ್ಟ್ರೇಟರು.

ಅವಳ ವಕೀಲ ಗುರುಮಲ್ಲಪ್ಪನವರು ಕಾಗದ ಹಿಡಿದು ತಿರುಗಿದರು. ನೀಲಾಂಬಿಕ ಎದ್ದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಯಾರ ಮುಖವನ್ನೂ ನೋಡದೆ, ನೇರವಾಗಿ ಹೊರಗೆ ನಡೆದುಬಿಟ್ಟಳು.

ಕೋರ್ಟಿನಲ್ಲಿ ಯಾರೋ ನಕ್ಕರು.

“ಗಾಬರಿಯಾಗ್ಯಾಳೆ, ಸ್ವಾಮಿ,” ಎಂದು ಗುರುಮಲ್ಲಪ್ಪನವರು ಸಮಾಧಾನದ ದನಿಯಲ್ಲಿ ಹೇಳಿದರು. “ನಾಳೆ ಬೆಳಿಗ್ಗೆ ಸಹಿ ಹಾಕಿಸಿ ತರ್ತೀನಿ.”

ಹೊರಗೆ ಹುಣಸೆ ಮರದ ನೆರಳಿನಲ್ಲಿ ಅವರು ಮುಕ್ತಾರನ ಹೆಗಲ ಮೇಲೆ ಕೈಯಿಟ್ಟರು. ಐವತ್ತರ ಹತ್ತಿರದ, ಮೆತ್ತಗೆ ಮಾತಾಡುವ, ಹಣೆಯಲ್ಲಿ ವಿಭೂತಿ ತಪ್ಪದ ಮನುಷ್ಯ. ನೀಲಾಂಬಿಕಳಿಂದ ಒಂದು ಪೈಸೆ ಫೀಜು ಮುಟ್ಟಿರಲಿಲ್ಲ. ಮುಕ್ತಾರನ ಕೂಲಿಯನ್ನೂ ಕೈಯಿಂದಲೇ ಕೊಟ್ಟಿದ್ದರು.

“ಎಲ್ಲಾ ನಿಮ್ಮ ಪಟ್ಟಿಯಿಂದ ಆತು ನೋಡ್ರಿ, ಮುಕ್ತಾರ್. ಹಾಲಿನವರು, ಶಾಲೆಯವರು, ದರ್ಜಿ, ಔಷಧಿ ಅಂಗಡಿ, ಒಂದೂ ಬಿಡದಂಗೆ ಖರ್ಚು ಬರ್ಕೊಂಡು ಬಂದ್ರಲ್ಲ. ಅದಕ್ಕೇ ಅವ ಬಾಯಿ ಮುಚ್ಚಿದ.”

“ಅವಳು ಯಾಕೆ ಓಡಿದ್ಲು ಸಾರ್?”

“ಹೆಣ್ಣುಮಕ್ಕಳ ಮನಸ್ಸು. ನೀವು ಮನೆಗೆ ಹೋಗ್ರಿ. ನಿಮ್ಮ ಕೆಲಸ ಮುಗೀತು.”

ಕೆಲಸ ಮುಗೀತು ಎಂದು ಯಾರಾದರೂ ಹೇಳಿದರೆ ಮುಕ್ತಾರನಿಗೆ ಮೈ ಉರಿಯುತ್ತದೆ. ಮನೆಗೆ ಹೋಗಲಿಲ್ಲ. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹತ್ತಿದ.

*

ಬಸ್ಸಿನಲ್ಲಿ ಚೈತ್ರದ ಸೆಕೆ. ಮುಕ್ತಾರ್ ಖರ್ಚಿನ ಪಟ್ಟಿಯ ತನ್ನ ನಕಲನ್ನು ತೊಡೆಯ ಮೇಲೆ ಹರಡಿಕೊಂಡ.

ಈ ಪಟ್ಟಿಗಾಗಿ ಅವನು ಎರಡು ತಾಲ್ಲೂಕು ಸುತ್ತಿದ್ದ. ಹೊಸ ಕಾನೂನು ಬಿಟ್ಟ ಹೆಂಡತಿಗೆ ಅನ್ನ ಕೊಡಿಸುತ್ತದಂತೆ. ಆದರೆ ಅದಕ್ಕೆ ಮೊದಲು ಅವಳು ಏನು ತಿಂದಳು ಎಂದು ರುಜುವಾತು ಮಾಡಬೇಕು. ಸಂತೆಯಲ್ಲಿ ಸೊಪ್ಪು ಕೊಂಡದ್ದಕ್ಕೆ ಯಾರು ರಸೀದಿ ಕೊಡುತ್ತಾರೆ? ಎರವಲು ತಂದ ಅಕ್ಕಿಗೆ ಬಿಲ್ಲು ಎಲ್ಲಿಂದ ಬರುತ್ತದೆ? ನೀಲಾಂಬಿಕ ಕೊಟ್ಟದ್ದು ಬಾಯಿಲೆಕ್ಕ ಮಾತ್ರ. ಅದು ಸಾಲದು ಎಂದು ಗುರುಮಲ್ಲಪ್ಪನವರೇ ಅವನನ್ನು ಅಂಗಡಿ ಅಂಗಡಿಗೆ ಅಟ್ಟಿದ್ದರು. ಎದುರಿನವನು ಬಟ್ಟೆ ವ್ಯಾಪಾರಿ, ಬಟ್ಟೆಯ ಲೆಕ್ಕದಲ್ಲಿ ಸುಳ್ಳು ಹಿಡಿಯುತ್ತಾನೆ, ಎಷ್ಟು ಗಜ ಎಂಬುದೂ ಇರಲಿ ಎಂದಿದ್ದರು. ಮುಕ್ತಾರ್ ಅದನ್ನೂ ಬರೆದಿದ್ದ. ನೀಟಾಗಿ ಬರೆದಿದ್ದೇನೆ ಎಂದು ಹೆಮ್ಮೆಯೂ ಪಟ್ಟಿದ್ದ.

ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಗಳ ಲಂಗವನ್ನು ಕೆಳಕ್ಕೆ ಜಗ್ಗುತ್ತಿದ್ದಳು.

“ಹೋದ ವರ್ಷ ಹೊಲಿಸಿದ್ದು ಕಣೇ, ಆಗ್ಲೇ ಮಂಡಿಗೆ ಬಂದದೆ. ಮನೆಗೆ ಹೋಗಿ ಮಡಿಕೆ ಬಿಚ್ತೀನಿ ತಾಳು.”

ಮುಕ್ತಾರನ ಮನೆಯಲ್ಲೂ ಅದೇ ಕತೆ. ಅವನ ಹೆಂಡತಿ ಸುಗ್ರಾ ಬೀ ಪ್ರತಿ ಈದಿಗೆ ಮಗಳ ಬಟ್ಟೆಯ ಅಂಚಿನ ಮಡಿಕೆ ಬಿಚ್ಚಿ ಒಂದು ವರ್ಷ ತಳ್ಳುತ್ತಾಳೆ. ಬೆಳೆಯುವ ಮಗುವಿಗೆ ಯಾರೂ ಮೈಗೆ ಸರಿಯಾಗಿ ಹೊಲಿಸುವುದಿಲ್ಲ. ಒಂದು ಹಿಡಿ ಉದ್ದವೇ ಇಡಿಸುತ್ತಾರೆ.

ಅವನ ಕಣ್ಣು ಪಟ್ಟಿಗೆ ಮರಳಿತು.

“ಯುಗಾದಿಗೆ ಮಗಳು ಚೌಡೇಶ್ವರಿಗೆ ಲಂಗ, ಜಂಪರ್ ಎರಡು ಜೊತೆ. ಹಳದಿ ಹೂವಿನ ಚೀಟಿ ಬಟ್ಟೆ. ಒಂದು ಜೊತೆಗೆ ಮೂರು ಗಜ. ಇನ್ನೊಂದಕ್ಕೆ ಒಂದೂವರೆ.”

ಎಂಟು ವರ್ಷದ ಹುಡುಗಿ. ಒಂದೂವರೆ ಗಜದಲ್ಲಿ ಅವಳಿಗೆ ಏನು ಬರುತ್ತದೆ?

ಮೂಗು ಕಡಿಯಲಿಲ್ಲ. ಬೆರಳು ಆ ಸಾಲಿನ ಮೇಲೇ ನಿಂತಿತು. ತಾನು ಬರೆದು ಹದಿನೈದು ದಿನ ಕಣ್ಣಿಗೆ ಬೀಳದೇ ಹೋದದ್ದು, ಇಪ್ಪತ್ತು ವರ್ಷ ಬಟ್ಟೆ ಅಳೆದು ಹರಿದವನಿಗೆ ಒಂದು ಗಳಿಗೆಯಲ್ಲಿ ಕಂಡಿರುತ್ತದೆ. ಆ ಪಟ್ಟಿಯ ಒಂದು ಪ್ರತಿ ಕಳೆದ ವಾರವೇ ಮಲ್ಲೇಶಪ್ಪನ ಕೈ ಸೇರಿತ್ತು.

*

ಸೊರಬದ ಪೇಟೆಯಲ್ಲಿ ದರ್ಜಿ ನಜೀರ್ ಸಾಬ್ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಮುಕ್ತಾರನನ್ನು ನೋಡಿ ಮತ್ತೆ ಬಂದ್ಯಾ ಎಂಬ ಹಾಗೆ ಮುಖ ಮಾಡಿದ.

“ಎರಡನೇ ಲಂಗಕ್ಕೆ ಅಳತೆ ಯಾರದ್ದು ತಗೊಂಡೆ, ಭಾಯ್?”

“ಯಾರದ್ದೂ ಇಲ್ಲ. ದೊಡ್ಡ ಹುಡುಗಿ ಬಂದಿತ್ತು, ಅದರ ಮೈ ಅಳತೆ ಮಾಡ್ದೆ. ಸಣ್ಣದಕ್ಕೆ ಆಯಮ್ಮ ದಾರ ತಂದಿದ್ರು. ಸೊಂಟಕ್ಕೆ ಒಂದು ಗಂಟು, ಉದ್ದಕ್ಕೆ ಒಂದು ಗಂಟು.”

“ನನಗೆ ಎರಡೂ ಚೌಡೇಶ್ವರಿಗೇ ಅಂತ ಬರೆಸಿದೆಯಲ್ಲ?”

“ಆಯಮ್ಮ ಎರಡೂ ಆ ಹುಡುಗಿ ಹೆಸರಿಗೇ ಬರ್ಕೋ ಅಂದಿದ್ರು, ನಾನು ಹಂಗೆ ಬರೆಸ್ದೆ. ಯಾರಾದ್ರೂ ನೆಂಟರ ಮಗೀಗೆ ಉಡುಗೊರೆ ಇರಬೇಕು, ಗಂಡನ ಮೇಲೆ ಹಾಕ್ಲಿ ಬಿಡು ಅಂದ್ಕೊಂಡೆ. ತಪ್ಪಾಯ್ತಾ?”

ಮುಕ್ತಾರ್ ಬಾಡಿಗೆ ಸೈಕಲ್ಲು ಹಿಡಿದು ಹೊಸಬಾಳೆಯ ದಾರಿ ತುಳಿದ.

*

ಅಂಗಳದ ತುಂಬ ಹಳೇ ಸೀರೆಯ ಮೇಲೆ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದ ನೀಲಾಂಬಿಕಳ ತಾಯಿ ತಾಯಮ್ಮ ಸೈಕಲ್ಲಿನ ಸದ್ದಿಗೆ ತಲೆಯೆತ್ತಿದಳು.

“ಎಂತಕ್ಕೆ ಬಂದ್ರಿ? ಅವಳು ಮನೇಲಿಲ್ಲ.”

“ಅವಳ ಚಪ್ಪಲಿ ಇಲ್ಲೇ ಇದೆಯಲ್ಲ, ಅಮ್ಮ.”

ಮುದುಕಿ ಕೋಲನ್ನು ಅಡ್ಡ ಹಿಡಿದಳು. ಕಾಗೆಯನ್ನು ಓಡಿಸಿದಷ್ಟೇ ಸಲೀಸಾಗಿ ಇವನನ್ನೂ ಓಡಿಸುವ ಮನಸ್ಸಿತ್ತು ಅವಳಿಗೆ. ಮುಕ್ತಾರ್ ಕೋಲನ್ನು ಮೆಲ್ಲಗೆ ಸರಿಸಿ ಜಗಲಿ ಹತ್ತಿದ.

ಒಳಗೆ ನೀಲಾಂಬಿಕ ಗಂಟು ಕಟ್ಟುತ್ತಿದ್ದಳು. ಎರಡು ಸೀರೆ, ಒಂದು ಹಿತ್ತಾಳೆ ತಂಬಿಗೆ, ಒಂದು ಕೌದಿ. ಮಗಳು ಚೌಡೇಶ್ವರಿ ಪಕ್ಕದಲ್ಲಿ ನಿಂತಿದ್ದಳು. ಮುಕ್ತಾರನನ್ನು ಕಂಡದ್ದೇ ಆ ಹುಡುಗಿ ಓಡಿ ಕಣಜದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪಾಪ, ಯಾವ ಬಾಗಿಲು ತೆರೆಯಬೇಕು ಎಂದು ಅವಳೇ ತೋರಿಸಿಕೊಟ್ಟಳು.

“ಎಲ್ಲಿಗೆ ಹೊರಟ್ರಿ?” ಮುಕ್ತಾರ್ ಕೇಳಿದ.

“ನಿಮ್ಗೆ ಎಂತಕ್ಕೆ?”

“ರಾಜಿಗೆ ಸಹಿ ಹಾಕಿದ್ರೆ ತಿಂಗಳಿಗೆ ನೂರ ಎಂಬತ್ತು ಬರುತ್ತೆ.”

“ನಂಗೆ ಬೇಡ. ಅರ್ಜಿ ವಾಪಸ್ ತಗೊಳ್ಳಿ ಅಂತ ಗುರುಮಲ್ಲಪ್ಪನೋರಿಗೆ ಹೇಳಿ.”

“ಹಳದಿ ಹೂವಿನ ಸಣ್ಣ ಲಂಗ ಯಾರು ಹಾಕ್ಕೋತಾರೆ, ನೀಲಾಂಬಿಕಮ್ಮ?”

ಗಂಟು ಕಟ್ಟುತ್ತಿದ್ದ ಕೈ ನಿಂತಿತು.

“ಚೌಡಿದು. ಹೊಲಿಗೆ ಕೆಟ್ಟು ಸಣ್ಣದಾಗಿತ್ತು.”

“ನಜೀರ್ ಸಾಬ್ ಮೂವತ್ತು ವರ್ಷದಿಂದ ಹೊಲೀತಾನೆ. ದಾರಕ್ಕೆ ಗಂಟು ಹಾಕಿ ಅಳತೆ ಕೊಟ್ಟಿದ್ದು ನೀವು. ಆ ಮಗೂನ ಅಂಗಡಿಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?”

ನೀಲಾಂಬಿಕ ಧಡಕ್ಕನೆ ಎದ್ದಳು.

“ನೀವು ದರ್ಜಿ ಅಂಗಡಿಗೂ ಹೋಗಿದ್ರಾ?”

“ಹೋಗಿದ್ದೆ.”

“ಎಂತ ಬರೆದ್ರಿ?”

“ಎಷ್ಟು ಗಜ ಅಂತ ಬರೆದೆ. ಎರಡಕ್ಕೂ.”

“ಅದು ಅವ್ರ ಕೈಗೆ ಹೋಯ್ತಾ?”

“ಕಳೆದ ವಾರ.”

ಅವಳು ಕೂಗಲಿಲ್ಲ. ಹತ್ತಿರ ಬಂದಳು. ಅವನ ಎದೆಗೆ ಎರಡೂ ಅಂಗೈಯಿಂದ ಗುದ್ದಿದಳು, ಒಮ್ಮೆ, ಮತ್ತೊಮ್ಮೆ. ಮುಕ್ತಾರ್ ಗೋಡೆಗೆ ತಾಗಿ ನಿಂತ. ತಡೆಯಲು ಕೈಯೆತ್ತಲಿಲ್ಲ.

“ನಾನು ಕೇಳಿದ್ನಾ ನಿಮ್ಮನ್ನ, ದರ್ಜಿ ಹತ್ರ ಹೋಗಿ ಅಂತ? ಅಕ್ಕಿ ಬೇಳೆ ಲೆಕ್ಕ ಕೊಟ್ಟಿದ್ದೆ, ಅಷ್ಟು ಸಾಕಿತ್ತು. ಪಟ್ಟಿಗೆ ವಕೀಲ್ರು ತೋರ್ಸಿದ ಜಾಗದಲ್ಲಿ ಸಹಿ ಹಾಕ್ದೆ, ಓದಿ ಹೇಳಿ ಅಂತಾನೂ ಕೇಳ್ಲಿಲ್ಲ. ನಿಮ್ಮನ್ನ ನಂಬಿದ್ದೆ ನಾನು.”

“ಯಾರು ಅದು, ಒಳಗಿರೋದು?”

“ನಿಮ್ಗೆ ಗೊತ್ತುಂಟು. ಗೊತ್ತಿಲ್ದೆ ಇಷ್ಟು ದೂರ ಸೈಕಲ್ ತುಳ್ಕೊಂಡು ಬಂದ್ರಾ?”

ಅವಳೇ ಹೋಗಿ ಕಣಜದ ಕೋಣೆಯ ಬಾಗಿಲು ತೆರೆದಳು.

ಭತ್ತದ ಕಣಜಕ್ಕೂ ಗೋಡೆಗೂ ನಡುವೆ ಒಂದು ಚಾಪೆ. ಅದರ ಮೇಲೆ ಹಳದಿ ಹೂವಿನ ಲಂಗ ಹಾಕಿಕೊಂಡು ಒಂದು ಪುಟ್ಟ ಹುಡುಗಿ ಕೂತಿತ್ತು. ತಲೆ ಬಾಚಿ, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿತ್ತು. ಮುಕ್ತಾರನನ್ನು ನೋಡಿ ಅಳಲಿಲ್ಲ, ಕದಲಲಿಲ್ಲ. ಊರೆಲ್ಲ ಸತ್ತಿದೆ ಎಂದುಕೊಂಡಿದ್ದ ಹೊನ್ನಿ.

ಮುಕ್ತಾರ್ ಕಾಲುವೆಯ ಉದ್ದಕ್ಕೂ ಈ ಮಗುವಿನ ಮೂಳೆ ಹುಡುಕಿ ಅಲೆದಿದ್ದ.

“ಬಳೆ ಮಾರೋ ಹಾಜಿರಾ ಬೀ ತಂದು ಬಿಟ್ಟಿದ್ದು,” ನೀಲಾಂಬಿಕ ತಗ್ಗಿದ ದನಿಯಲ್ಲಿ ಹೇಳಿದಳು. “ನನ್ನ ಮನೆಗೂ ಬರ್ತಿದ್ಲು, ಹಾಲಮ್ಮನ ಮನೆಗೂ ಹೋಗ್ತಿದ್ಲು. ಬೆಳಗಿನ ಜಾವ ಕಾಲುವೆ ಪಕ್ಕದ ಕಬ್ಬಿನ ಗದ್ದೇಲಿ ಸಿಕ್ತಂತೆ. ಮೈಯೆಲ್ಲ ಕೆಸರು, ಚಳಿಗೆ ನೀಲಿಯಾಗಿತ್ತು. ಆಮೇಲೆ ನೀರಲ್ಲಿ ತಾಯಿ ಕಂಡ್ಲಂತೆ. ಯಾರ ಹತ್ರ ಕೊಡ್ಬೇಕು ಅಂತ ಗೊತ್ತಾಗ್ದೆ ಸೆರಗಲ್ಲಿ ಸುತ್ಕೊಂಡು ಬಸ್ಸಲ್ಲಿ ನನ್ನ ಹತ್ರ ತಂದ್ಲು.”

“ಸವತಿ ಮಗು.”

“ಹೌದು. ಹಾಲಮ್ಮ ಬದುಕಿದ್ದಾಗ ಎಷ್ಟು ಶಾಪ ಹಾಕಿದ್ದೀನೋ ಲೆಕ್ಕವಿಲ್ಲೆ. ಇದು ಬಂದ ದಿನ ರಾತ್ರಿ ನನ್ನ ಕೈ ಬೆರಳು ಹಿಡ್ಕೊಂಡು ಮಲಗ್ತು. ಆಮೇಲೆ ಶಾಪಾನೂ ಬರ್ಲಿಲ್ಲ, ನಿದ್ದೇನೂ ಬರ್ಲಿಲ್ಲ.”

“ಪೊಲೀಸರಿಗೆ ಹೇಳಬಹುದಿತ್ತು.”

“ಹೇಳಿದ್ರೆ ಎಂತ ಮಾಡ್ತಿದ್ರು? ಯಾರಿಗೆ ಒಪ್ಪಿಸ್ತಿದ್ರು?” ಅವಳು ಅವನ ಕಣ್ಣಲ್ಲೇ ಕಣ್ಣಿಟ್ಟಳು. “ಅಪ್ಪಂಗೆ ತಾನೇ? ತಾಯೀನ ನೀರಿಗೆ ದೂಡಿದ ಕೈಗೇ ಮಗೂನೂ ಕೊಡ್ತಿದ್ರು.”

ಅವಳು ಹೇಳಿದ್ದು ನಿಜವೆಂದು ಕಾನೂನು ತಿಳಿದ ಮುಕ್ತಾರನಿಗೆ ಗೊತ್ತಿತ್ತು.

“ಮಗು ಏನಾದ್ರೂ ಹೇಳ್ತಾ? ಯಾರನ್ನ ನೋಡ್ತು, ಏನು?”

“ಬಂದಾಗಿಂದ ಒಂದು ಮಾತಿಲ್ಲೆ. ಹಸಿವಾದ್ರೂ ಕೇಳಲ್ಲ. ಚೌಡಿ ತುತ್ತು ಮಾಡಿ ಕೊಟ್ರೆ ತಿಂತದೆ.”

“ಒಂದು ಮಾತು ಕೇಳ್ಲಾ? ಐದು ತಿಂಗಳು ಯಾರಿಗೂ ಗೊತ್ತಾಗದ ಹಾಗೆ ಇಟ್ಟಿದ್ರಿ. ನಾನೇ ನಾಲ್ಕು ಸಲ ಬಂದು ಇದೇ ಜಗಲಿ ಮೇಲೆ ಕೂತು ಎದ್ದು ಹೋದೆ. ಚೌಡೇಶ್ವರಿಯ ಹಳೇ ಬಟ್ಟೆ ಇದ್ವಲ್ಲ. ಆ ಲಂಗ ಯಾಕೆ ಹೊಲಿಸಿದ್ರಿ?”

ನೀಲಾಂಬಿಕ ಹೊನ್ನಿಯ ಲಂಗದ ಅಂಚು ಸರಿಮಾಡಿದಳು.

“ಯುಗಾದಿ ಬಂತಲ್ಲ,” ಎಂದಳು. “ಚೌಡಿಗೆ ಹೊಸದು ಹಾಕಿ, ಇದಕ್ಕೆ ಹಳೇದು ಹಾಕಿ, ಇಬ್ರನ್ನೂ ಒಂದೇ ಮಣೆ ಮೇಲೆ ಕೂರ್ಸಿ ಎಣ್ಣೆ ಹಚ್ಚೋದು ಹೇಗೆ ಹೇಳಿ? ತಾಯಿ ಇದ್ದಿದ್ರೆ ಹೊಲಿಸ್ತಿರ್ಲಿಲ್ವಾ? ಸಂಡಿಗೆ ಮಾರಿದ್ದು ಸ್ವಲ್ಪ ಇತ್ತು. ಒಂದೇ ಥಾನು ಬಟ್ಟೇಲಿ ಇಬ್ರಿಗೂ ಹರಿಸ್ದೆ. ಅದೂ ಆವತ್ತು ಒಂದಿನ ಕನ್ನಡಿ ಮುಂದೆ ನಿಂತ್ಕೊಂಡು ತನ್ನನ್ನ ತಾನೇ ನೋಡ್ಕೊಂಡಿತ್ತು.”

ಮುಕ್ತಾರ್ ಟೋಪಿ ತೆಗೆದು ಮುಖ ಒರೆಸಿಕೊಂಡ. ಕೊಲೆಗಾರರ ತಪ್ಪು ಹುಡುಕಿ ಹುಡುಕಿ ಅವನಿಗೆ ಅಭ್ಯಾಸವಾಗಿತ್ತು. ಇಂಥ ತಪ್ಪಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳ ಮೇಲೆ ಕನಿಕರ ಬಂತು, ತನ್ನ ಮೇಲೆ ಸಿಟ್ಟು ಬಂತು.

“ಗಂಟು ತಗೊಳ್ರಿ,” ಎಂದ. “ಸೊರಬದಲ್ಲಿ ನನ್ನ ಅಕ್ಕ ಶಹಜಹಾನ್ ಬೇಗಂ ಮನೆ ಇದೆ. ಅಲ್ಲಿ ಯಾರೂ ಹುಡುಕಲ್ಲ. ನಾಲ್ಕೂ ಜನ ಈಗಲೇ ಹೊರಡಿ.”

ನೀಲಾಂಬಿಕ ಹೊನ್ನಿಯನ್ನು ಎತ್ತಿಕೊಳ್ಳಲು ಬಗ್ಗಿದಳು.

ಹೊರಗೆ ತಾಯಮ್ಮ ಕಿರುಚಿದಳು.

*

ಮಲ್ಲೇಶಪ್ಪ ಸಂಡಿಗೆ ತುಳಿದುಕೊಂಡೇ ಬಂದಿದ್ದ. ಮುದುಕಿಯ ಕೋಲಿನ ಏಟು ಬಿದ್ದು ಹುಬ್ಬಿನ ಮೇಲೆ ಚರ್ಮ ಹರಿದಿತ್ತು. ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ.

ನೀಲಾಂಬಿಕ ಮೂಲೆಯಲ್ಲಿದ್ದ ಕುಡುಗೋಲು ಎತ್ತಿಕೊಂಡು ಕಣಜದ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

“ಒಂದು ಹೆಜ್ಜೆ ಮುಂದಿಟ್ರೆ ಕಡೀತೀನಿ.”

“ಕಡಿ,” ಎಂದ ಅವನು. “ಮೊದಲು ನೋಡಾಕ ಬಿಡು. ಅದು ಬದುಕೇತಿ ಅಂತ ಒಂದು ಸಲ ನೋಡಾಕ ಬಿಡು.”

ಮುಕ್ತಾರ್ ಅವನ ಕುತ್ತಿಗೆಯ ಹಿಂದೆ ಅಂಗಿ ಹಿಡಿದು ಗೋಡೆಗೆ ಒತ್ತಿದ. “ಏನು ನೋಡೋಕೆ ಬಂದೆ? ಅರ್ಧ ಮುಗಿಸಿದ ಕೆಲಸಾನ?”

“ನಾನಲ್ರಿ ಸಾಹೇಬ್ರ! ನಾನಲ್ಲ!”

“ಮತ್ಯಾರು?”

“ಗೊತ್ತಿಲ್ಲ.” ಮಲ್ಲೇಶಪ್ಪ ಬಿಕ್ಕಿದ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಗದ್ದುಗೆ ಏರಿದವನಂತೆ ಕೂರುವ ಮನುಷ್ಯ ಮೂಗು ಒರೆಸಿಕೊಳ್ಳುವುದನ್ನೂ ಮರೆತಿದ್ದ. “ನಾ ಒಳ್ಳೇವಲ್ಲ. ಇವಳನ್ನ ಬಿಟ್ಟೀನಿ, ಅವಳನ್ನ ಹೊಡೆದೀನಿ. ಆವತ್ತೂ ಹೊಡೆದೆ. ಹಾಲಮ್ಮ, ನನ್ನ ಮಗೀಗೂ ಕಾನೂನಿನಾಗೆ ಹಕ್ಕದೆ, ಜೀವನಾಂಶ ಸಿಗತೈತಿ ಅಂತ ಒಬ್ರು ಹೇಳ್ಯಾರ, ಸಂಜಿಗೆ ಹೋಗಿ ಕೇಳಿ ಬರ್ತೀನಿ ಅಂದ್ಲು. ಯಾರು ಹೇಳ್ಯಾರ ಅಂದ್ರೆ ಬಾಯಿ ಬಿಡಲಿಲ್ಲ. ಸಿಟ್ಟಿಗೆ ಕಪಾಳಕ್ಕ ಹೊಡೆದು ಅಂಗಡಿಗೆ ಬಂದುಬಿಟ್ಟೆ. ಬೆಳಿಗ್ಗೆ ಕಾಲುವೆಯಾಗಿದ್ಲು.”

“ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಹೊಡೆದೆ ಅಂದ್ರೆ ತಳ್ಳಿದ್ದೂ ನಾನೇ ಅಂತಿದ್ರು. ಹೆದರಿದೆ. ಆಮೇಲೆ ನಿಮ್ಮ ಪಟ್ಟಿ ಬಂತು. ಒಂದೂವರೆ ಗಜ ಅಂತ ನೋಡಿದೆ. ಹೊನ್ನಿಗೆ ನಾನೇ ಅಷ್ಟು ಹರಿದು ಕಳಸ್ತಿದ್ದೆ. ಇನ್ನ ಯಾವ ಮಗು ಇರತೈತಿ ಈ ಮನಿಯಾಗೆ?”

“ಸುಳ್ಳು,” ಎಂದಳು ನೀಲಾಂಬಿಕ. ಕುಡುಗೋಲು ಇಳಿಸಲಿಲ್ಲ. “ಅಳೋದು ಇವ್ರಿಗೆ ಚೆನ್ನಾಗಿ ಬರ್ತದೆ. ನನ್ನ ಹೊರಗೆ ಹಾಕಿದ ದಿನಾನೂ ಅತ್ತಿದ್ರು.”

ಅಷ್ಟರಲ್ಲಿ ಅವಳ ಸೊಂಟದ ಪಕ್ಕದಿಂದ ಹಳದಿ ಲಂಗ ತೂರಿ ಬಂತು.

ಯಾರೂ ಹಿಡಿಯುವ ಮೊದಲು ಹೊನ್ನಿ ನಡುಮನೆ ದಾಟಿತ್ತು. ಮುಕ್ತಾರನ ಹಿಡಿತ ಸಡಿಲಿ ಮಲ್ಲೇಶಪ್ಪ ಕುಸಿದು ಕೂತ. ಮಗು ಅವನ ಮುಂದೆ ನಿಂತು ಮುಖ ನೋಡಿತು. ಹುಬ್ಬಿನಿಂದ ಇಳಿಯುತ್ತಿದ್ದ ರಕ್ತವನ್ನು ಒಂದು ಬೆರಳಿಂದ ಮುಟ್ಟಿತು. ಆಮೇಲೆ ಅಭ್ಯಾಸವಿದ್ದ ಜಾಗ ಎಂಬಂತೆ ಅವನ ತೊಡೆಯ ಮೇಲೆ ಹತ್ತಿ ಕೂತಿತು.

ನೀಲಾಂಬಿಕಳ ಕೈಯಿಂದ ಕುಡುಗೋಲು ಜಾರಿತು. ತಾಯಿಯನ್ನು ಕೊಂದವನ ತೊಡೆಯ ಮೇಲೆ ಮಗು ಹೀಗೆ ಕೂರುವುದಿಲ್ಲ. ಅದು ಅವಳಿಗೂ ಹೊಳೆಯಿತು, ಮುಕ್ತಾರನಿಗೂ ಹೊಳೆಯಿತು. ಐದು ತಿಂಗಳಿಂದ ಇಬ್ಬರೂ ಒಬ್ಬನನ್ನೇ ದಿಟ್ಟಿಸಿ ನೋಡುತ್ತ ಬಂದಿದ್ದರು.

“ಹಾಗಾದರೆ ಹಾಲಮ್ಮ ಆವತ್ತು ಸಂಜೆ ಯಾರನ್ನ ಕೇಳೋಕೆ ಹೋದ್ಲು?” ಮುಕ್ತಾರ್ ಅರ್ಧ ತನಗೇ ಕೇಳಿಕೊಂಡ. “ಜೀವನಾಂಶ ಸಿಗುತ್ತೆ ಅಂತ ಅವಳಿಗೆ ಯಾರು ಹೇಳಿರಬಹುದು?”

ಅಂಗಳದಾಚೆ ಒಂದು ಮೋಟಾರು ಬಂದು ನಿಂತ ಸದ್ದಾಯಿತು. ಬಾಗಿಲು ಹಾಕಿದ ಸದ್ದು. ತಾಯಮ್ಮ ಯಾರಿಗೋ ಮರ್ಯಾದೆಯಿಂದ ಬನ್ನಿ, ಬನ್ನಿ ಎಂದಳು. ಈ ಸಲ ಕೋಲೆತ್ತಲಿಲ್ಲ.

“ನೀಲಾಂಬಿಕಮ್ಮಾ, ಮನ್ಯಾಗದೀರೇನ್ರೀ? ಸಹಿಗೆ ಅಂತ ನಾನೇ ಬಂದೆ.”

ಗುರುಮಲ್ಲಪ್ಪನವರ ಮೆತ್ತನೆಯ ದನಿ.

ಹೊನ್ನಿಯ ಮೈ ಸೆಟೆಯಿತು. ಅಪ್ಪನ ತೊಡೆಯಿಂದ ಸರಸರನೆ ಇಳಿಯಿತು. ಲಂಗ ಒದ್ದೆಯಾಗಿ ಕಾಲಿನ ಮೇಲೆ ಉಚ್ಚೆ ಇಳಿಯುತ್ತಿತ್ತು. ಓಡಿ ಹೋಗಿ ನೀಲಾಂಬಿಕಳ ಕಾಲಿಗೆ ತೆಕ್ಕೆ ಬಿದ್ದು, ಅವಳ ಅಂಗೈ ಹುಡುಕಿ, ಎರಡೂ ಕೈಯಿಂದ ಎಳೆದು ತನ್ನ ಬಾಯಿಯ ಮೇಲೆ ಒತ್ತಿಕೊಂಡಿತು. ಅಷ್ಟೂ ಸಾಲದೆ, ಬೆರಳುಗಳನ್ನು ಸರಿಸಿ ಪಿಸುಗುಟ್ಟಿತು. ಐದು ತಿಂಗಳಲ್ಲಿ ಅದು ಆಡಿದ ಮೊದಲ ಮಾತು.

“ಗಟ್ಟಿ ಹಿಡ್ಕೋ. ಅಮ್ಮ ಹಿಡ್ಕಂಡಿದ್ಲಲ್ಲ, ಹಂಗೆ. ನೀರಿಗೆ ಹಾಕೋ ಮಾಮ ಬಂದ.”

ಎಷ್ಟು ಗಜ ಎಂದು ತನ್ನಿಂದ ಬರೆಸಿ ಮಗುವನ್ನು ಹುಡುಕಿಸಿದವರು ಇವರೇ ಎಂದು ಮುಕ್ತಾರನಿಗೆ ಹೊಳೆಯಿತು. ಅವನು ಬಾಗಿಲಿಗೆ ನೆಗೆದ. ಅಗಳಿಗೆ ಕೈ ತಾಗುವಷ್ಟರಲ್ಲಿ ಗುರುಮಲ್ಲಪ್ಪನವರು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಒಳಗೆ ಬಂದಾಗಿತ್ತು.